ಎರಡು ಸಾಲಿನ ಜಾಗ

ಶಿಡ್ಲಘಟ್ಟದಲ್ಲಿ ವಾಲಿಬಾಲ್ ಫೈನಲ್ ಮುಗಿದ ರಾತ್ರಿ
ನಾನು ಬರೆದು ಕಳಿಸಿದ್ದು ಹೀಗೆ:
'ಆಟಗಾರರ ಅಪೂರ್ವ ಹೊಂದಾಣಿಕೆಯೇ
ಗೆಲುವಿನ ಗುಟ್ಟು.'
ಗುಟ್ಟು ನಿನಗೆ ಹೇಗೆ ಗೊತ್ತಾಯಿತೆಂದು
ಯಾರೂ ಕೇಳಲಿಲ್ಲ. ಜಿಲ್ಲಾ ಪತ್ರಿಕೆ,
ಪುಟ ಆರು, ಮೂಲವ್ಯಾಧಿ ಜಾಹೀರಾತಿನ ಪಕ್ಕ.

ಕಂಡದ್ದು ಇಷ್ಟು:
ಇಮ್ದಾದ್ ಬೆರಳ ತುದಿಯಿಂದ ಚೆಂಡು ಎತ್ತಿಟ್ಟ.
ಎತ್ತಿಟ್ಟ ಕಡೆಗೆ ಗಂಗುಲಪ್ಪ ಹಾರಿದ್ದ,
ಚೆಂಡಿಗಿಂತ ಮೊದಲೇ.
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ನೋಡದೆಯೇ ಅರಿಯುವುದೆಂದರೆ ಇದಪ್ಪಾ
ಎಂದು ಪುಳಕಗೊಂಡು
ಪೆನ್ನಿನ ಮುಚ್ಚಳ ಕಳೆದುಕೊಂಡೆ.

ಆಮೇಲೆ ತಿಳಿಯಿತು,
ಅವರು ನಿಜಕ್ಕೂ ನೋಡುತ್ತಿರಲಿಲ್ಲ.
ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು.
ಗೂಡಿನ ಮಾರ್ಕೆಟ್ಟಿನಲ್ಲಿ
ಗಂಗುಲಪ್ಪನ ಮಾವ ತಂದ ಲಾಟು,
ಇಮ್ದಾದನ ಅಣ್ಣ ಕೂಗಿದ ಬೆಲೆ,
ತೂಕದಲ್ಲಿ ಮುಕ್ಕಾಲು ಕೆಜಿ ಹೆಚ್ಚುಕಮ್ಮಿ,
ಒಂದು ಬೈಗುಳ, ಬೈಗುಳದಲ್ಲಿ ಅಮ್ಮಂದಿರು.
ಅಷ್ಟೇ.
ಕೋಚ್ ಪಿಳ್ಳಮುನಿಯಪ್ಪ ನಡುವೆ ಅಂಚೆಯವನಾಗಿದ್ದ:
'ಅವನಿಗೆ ಹೇಳಿ, ಇನ್ನೊಂದು ಗೇಣು ಮೇಲೆ ಬರಲಿ ಅಂತ.'
'ಅವನಿಗೆ ಹೇಳಿ, ಕಾಲು ನೆಲ ಬಿಟ್ಟರೆ ಸಿಗುತ್ತೆ ಅಂತ.'
ಎರಡು ಮಾರು ದೂರದಲ್ಲಿ ನಿಂತು
ಇಬ್ಬರೂ ಇಬ್ಬರದನ್ನೂ ಕೇಳಿಸಿಕೊಳ್ಳುತ್ತಿದ್ದರು.

ಚೆಂಡು ಮಾತ್ರ ಯಾರ ಪರವೂ ವಹಿಸಲಿಲ್ಲ.

ಇದೆಲ್ಲ ಕಿವಿಗೆ ಬೀಳುವ ಮುಂಚೆ
ಭಾನುವಾರದ ಪುರವಣಿಗೆ ಉದ್ದನೆಯ ಲೇಖನ ಬರೆದಿದ್ದೆ,
ಫೋಟೋ ಸಮೇತ.
ರೇಷ್ಮೆ ಊರಲ್ಲವೆ, ಉಪಮೆ ಪುಕ್ಕಟೆ ಸಿಕ್ಕಿತು:
ಎಂಟು ಗೂಡಿನ ಎಳೆ ಕೂಡಿ
ಒಂದೇ ದಾರವಾಗುವ ಹಾಗೆ ಈ ತಂಡ.
ಇಮ್ದಾದ್ ರೀಲು ಸುತ್ತುವವನು.
ಪತ್ರಿಕೆ ಮಡಚಿಟ್ಟು, ಬೆಂದ ಬೆರಳು ಲುಂಗಿಗೆ ಒರೆಸಿ ಅಂದ:
'ಸಾರ್, ಎಳೆ ಕೂಡೋದು ಕುದಿನೀರಿಗೆ.
ಒಳಗಡೆ ಹುಳ ಸತ್ತಿರ್ತದೆ.
ಪಕ್ಕದ ಹುಳಾನ ಅದು ಮಾತಾಡಿಸ್ತಿತ್ತಾ ಅಂತ
ನಾವ್ ಕೇಳಕ್ಕೋಗಲ್ಲ.'
ನಕ್ಕ. ಟೀ ತರಿಸಿದ.
ಬಾಂಡಲಿಯ ಹಬೆಗೆ ನನ್ನ ಮುಖ ಕೆಂಪಾಯಿತು,
ಹಬೆಗೇ ಅಂದುಕೊಂಡೆ.

ಯುಗಾದಿ ಕಳೆದ ಮೇಲೆ ಒಂದು ರಾತ್ರಿ
ಗಂಗುಲಪ್ಪನ ಮಗುವಿಗೆ ಜ್ವರ ನೆತ್ತಿಗೇರಿ
ಎರಡು ಗಂಟೆಗೆ ಸಿಕ್ಕಿದ್ದು
ಇಮ್ದಾದನ ಅಣ್ಣನ ಆಟೋ ಒಂದೇ.
ಇದನ್ನು ಯಾರೂ ಬರೆಯಲಿಲ್ಲ, ನಾನೂ.
ಚಿಂತಾಮಣಿಯ ಟೂರ್ನಿಗೆ ಒಂದೇ ಬೈಕಿನಲ್ಲಿ ಬಂದಿಳಿದರು.
ಒಂದೇ ಪೊಟ್ಟಣದ ಚಿತ್ರಾನ್ನ,
ಕಡಲೆಬೀಜಕ್ಕೆ ಕಿತ್ತಾಟ,
ಮೈಮೇಲೆ ಬಿದ್ದು ಬಿದ್ದು ನಗು.
ಮೂರು ನೇರ ಸೆಟ್‌ಗಳಲ್ಲಿ ಸೋತರು.

ಚೆಂಡು ಎತ್ತುವ ಮೊದಲು ಇಮ್ದಾದ್ ಈಗ
ಗೆಳೆಯನ ಕಡೆ ಒಮ್ಮೆ ನೋಡುತ್ತಿದ್ದ.
ಬಲೆಯ ಆಚೆ ಕೈ ಎತ್ತಿ ನಿಂತ ಮೂವರೂ
ಅವನ ಕಣ್ಣನ್ನೇ ನೋಡುತ್ತಿದ್ದರು.

ಇದೂ ನಾನು ಕಟ್ಟಿದ ಕಥೆಯೇ ಇರಬಹುದು.
ಚಿಂತಾಮಣಿಯ ಹುಡುಗರು ಎತ್ತರವಿದ್ದರು.
ಪಡುವಣ ಗಾಳಿ ಇತ್ತು.
ಗಂಗುಲಪ್ಪನ ಎಡ ಮಂಡಿ
ಅವನಿಗಿಂತ ಹತ್ತು ವರ್ಷ ದೊಡ್ಡದು.

ಅಂಕಗಳನ್ನು ಬರೆದೆ, ಹೆಸರು ಬರೆದೆ,
ಬಹುಮಾನ ಕೊಟ್ಟವರ ಇನಿಷಿಯಲ್ಲು ತಪ್ಪದಂತೆ ಬರೆದೆ.
ಹತ್ತಕ್ಕೆ ಡೆಸ್ಕಿನಿಂದ ಫೋನು:
'ಎರಡು ಸಾಲು ಜಾಗ ಉಳಿದಿದೆ ಕಣ್ರೀ,
ತಂಡದಲ್ಲಿ ಒಡಕು ಗಿಡಕು ಅಂತ ಏನಾದ್ರೂ ಹೇಳಿ.'

ಮೈದಾನದ ಲೈಟು ಆರಿಸಿದ್ದರು.
ಕತ್ತಲಲ್ಲಿ ಆ ಇಬ್ಬರು
ಸರದಿಯ ಮೇಲೆ ಕಿಕ್ಕರ್ ಒದೆಯುತ್ತಿದ್ದರು.
ಹತ್ತುತ್ತಿರಲಿಲ್ಲ ಬೈಕು.
'ಸಾರ್, ಒಂಚೂರು ತಳ್ಳಿ ಬನ್ನಿ.'
ಫೋನು ಜೇಬಿಗಿಟ್ಟು ತಳ್ಳಿದೆ.
ಪಶು ಆಸ್ಪತ್ರೆಯವರೆಗೂ ತಳ್ಳಿದೆ.

ಬೆಳಗ್ಗೆ ಆ ಎರಡು ಸಾಲು ಇದ್ದವು,
ನನ್ನ ಹೆಸರಿನ ಕೆಳಗೆ.