ಕಾಟಾ ಹಿಡಿಯಾಂವ ಹೇಳಿದ್ದು

ದೀಪಾವಳಿ ಮುಗಿದ ಮ್ಯಾಲ ಟಂಟಂ ಗಾಡಿಯಾಗ
ಕಾಟಾ, ಖಾಲಿ ಚೀಲ, ಒಂದು ಪೆಟ್ಟಿಗಿ ಬಿಸ್ಕೀಟು ಹಾಕ್ಕೊಂಡು
ಚಿಂಚೋಳಿಯಿಂದ ಕುಂಚಾವರಂ ಕಡಿ ತಾಂಡಾಕ್ಕ ಹೋಗ್ತೀನಿ.
ತಗಚಿ ಬೀಜ, ಕಿಲೋಕ್ಕ ಇಪ್ಪತ್ತೆರಡು.
ಕಸ ಅಂತ ನೂರು ಗ್ರಾಂ ಕಡತ.
ಮಾತು ಶೇಠಜೀದು, ನಂದು ಬರೇ ಬಟನ್ ಒತ್ತೋ ಕೈ.

ಗೋಮ್ಲಿಬಾಯಿ ಎಲ್ಲಾರಿಗಿಂತ ಮೊದಲು ಬಂದು ಕೂಡ್ತಾಳ,
ಮೊಣಕೈತನಕ ಪ್ಲಾಸ್ಟಿಕ್ ಬಳಿ.
ಚೀಲ ತೂಗಿದ ಮ್ಯಾಲ ತಾನೇ ಒಂದು ಬೊಗಸಿ ಸುರೀತಾಳ:
"ಕೊಸರು, ತಗೋ."
ಕಡತ ಕೊಯ್ದ ಕೈಗೇ ಕೊಸರು.

ಹಿಂದಿನದು ಆಕಿನೇ ಹೇಳಿದ್ದು.
ಮಿರಗ ಮಳಿ ಬಿದ್ದು ಎಂಟು ದಿನಕ್ಕ
ಬೀಳಿನ ತುಂಬ ತಗಚಿ ಏಳ್ತಿತ್ತಂತ, ಎರಡು ಬೆರಳು ಎತ್ತರ.
ಜ್ವಾಳದ ಚೀಲ ತಳ ಕಂಡಿರೋ ಹೊತ್ತು ಅದು.
ಚಿವುಟಿ, ಕುದಿಸಿ, ಹಿಂಡಿ,
ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಮುಷ್ಟಿ ತೊಗರಿ ನುಚ್ಚು.
ಸಜ್ಜಿ ಬಾಟಿ ಜೋಡಿ ಕೊಟ್ರ
ಹುಡುಗ್ರು ಬಟ್ಟಲಾ ನೆಕ್ತಿದ್ರಂತ.
ಚಿವುಟಿದಷ್ಟೂ ಟಿಸಿಲು.
ಯಾರೂ ಬಿತ್ತಿದ್ದಲ್ಲ,
ಯಾರ ಪಹಣಿಯಾಗೂ ಬರದಿದ್ದಲ್ಲ.

ಈಗ ಚಿವುಟಂಗಿಲ್ಲ.
ಚಿಗುರು ಕಿತ್ರ ಕಾಯಿ ಕಮ್ಮಿ.
ಬೀಳು ಹಂಚಿಕೊಂಡು ಹೆಣ್ಮಕ್ಕಳು
ಹಳೇ ಸೀರಿ ಹರಿದು ಗಡಿ ಕಟ್ಯಾರ.
ಆಷಾಢದಾಗ ಮೊಮ್ಮಗಳು ಪೂನಂ
ಉಡಿ ತುಂಬ ತಪ್ಪಲ ಹರಕೊಂಡು ಬಂದ್ರ
"ಹತ್ತು ರೂಪಾಯಿ ಹರದಿ ನೋಡು!"
ಬೆನ್ನ ಮ್ಯಾಲ ಒಂದು ಬಿತ್ತು.
ಆ ರಾತ್ರಿ ರೇಷನ್ ಅಕ್ಕಿ, ಮ್ಯಾಲ ಮಸಾಲಿ ಪಾಕೀಟು.
ಹತ್ತು ರೂಪಾಯಿ ಪಾಕೀಟು. ನಾನೇ ಮಾರಿದ್ದು.

ಸುಳ್ಳು ಯಾಕ ಹೇಳ್ಲಿ,
ಬೀಜದ ರೊಕ್ಕದಾಗೇ ಪೂನಂಗ ಕನ್ನಡಕ ಬಂದದ.
ಈಗ ಬೋರ್ಡಿನ ಮ್ಯಾಲಿಂದು ಓದ್ತಾಳ,
ನನ್ನ ಕಾಟಾದ ಅಂಕಿನೂ.
ಗೋಮ್ಲಿಬಾಯಿ ಸೊಂಟದ ಸಂಚಿಯಾಗ
ಗಂಡನ್ನ ಕೇಳದ ನಾಕು ನೋಟು ಅವ.

ಮೊನ್ನೆ ಕೇಳಿದ್ಲು,
"ಇಷ್ಟೊಂದು ಯಾರು ತಿಂತಾರೋ ತಮ್ಮಾ?"
ಶೇಠಜಿ ಫೋನಿನಾಗ ಅಂದಿದ್ದು ಕೇಳಿಸ್ಕೊಂಡಿದ್ದೆ:
ಪುಡಿಯಾಗಿ ಹಡಗು ಹತ್ತತದ,
ಯಾವುದೋ ದೇಶದಾಗ ಸಾಕಿದ ಬೆಕ್ಕಿನ
ಡಬ್ಬಿ ಊಟ ಗಟ್ಟಿ ಆಗ್ಲಕ್ಕ.

"ಔಷಧಕ್ಕ, ಯಾಡಿ" ಅಂದೆ.

ಆಕಿ ಮುಖ ಅರಳಿತು.
"ಹೌದಲ್ಲ, ನಮಗೂ ಹೊಟ್ಟೀಗಿ ಔಷಧನೇ ಇತ್ತು."
ಇನ್ನೊಂದು ಬೊಗಸಿ ಸುರಿದ್ಲು.

ಪೂನಂ ಕನ್ನಡಕ ಏರಿಸಿ ಅಂಕಿ ನೋಡ್ಕೋತ ನಿಂತಿದ್ಲು.
ಅದು ಬದಲಾಗ್ಲಿಲ್ಲ. ನಾ ಆಗ್ಲೇ ಕಾಟಾ ಬಂದ್ ಮಾಡಿದ್ದೆ.
ಕೊಸರು ತೂಗೋ ಪದ್ಧತಿ ಇಲ್ಲ.