ಮರುಕತೆ

ಹೂಸುಮ್ ಬಂದರಿನ ಗ್ರಂಥಾಲಯ, ನೆಲಮಾಳಿಗೆ.
ಮೇಲೆ ಮಕ್ಕಳ ದಡಬಡ, ಕೆಳಗೆ ಗೋಂದಿನ ವಾಸನೆ.
ವೀಬ್ಕೆ ಇಲ್ಲಿ ಇಪ್ಪತ್ತೆರಡು ವರ್ಷದಿಂದ
ಹರಿದ ಪುಸ್ತಕ ಹೊಲಿಯುತ್ತಾಳೆ.
ಓದುವುದಿಲ್ಲ, ಅನ್ನುತ್ತಾಳೆ.
ದರ್ಜಿ ಎಲ್ಲಾದರೂ
ಗಿರಾಕಿಯ ಅಂಗಿ ತೊಟ್ಟು ತಿರುಗುತ್ತಾನೆಯೇ?

ಆದರೆ ಬೆರಳಿಗೆ ಗೊತ್ತು, ಯಾವುದು ಎಲ್ಲಿ ಸವೆಯುತ್ತದೆಂದು.
ಪತ್ತೇದಾರಿಯದು ಕೊನೆಯ ಹಾಳೆಗಳಲ್ಲಿ ಸಡಿಲ,
ಪ್ರವಾಸದ್ದು ನಕಾಶೆಯ ಮಡಿಕೆಯಲ್ಲಿ,
ಅಡುಗೆಯದರ ಮೇಲೆ ಬೆಣ್ಣೆಯ ಹೆಬ್ಬೆಟ್ಟು.
ಅಡಗೂಲಜ್ಜಿಯ ಕತೆಯನ್ನು ಬಿಚ್ಚಿ
ಅದೇ ನೂಲಲ್ಲಿ ಮತ್ತೆ ಹೆಣೆದ
ಈ ದಪ್ಪ ಕಾದಂಬರಿಗಳು ಮಾತ್ರ
ನಟ್ಟನಡುವೆ ಬಿರಿಯುತ್ತವೆ.

ಕೊನೆ ಯಾರಿಗೆ ಗೊತ್ತಿಲ್ಲ?
ತೋಳದ ಹೊಟ್ಟೆ ಸೀಳುತ್ತದೆ,
ಗೋಪುರದಿಂದ ಜಡೆ ಇಳಿಯುತ್ತದೆ,
ಕಡುಮೂರ್ಖ ಕಿರಿಮಗನಿಗೇ ಅರ್ಧ ರಾಜ್ಯ.
ಗೊತ್ತಿದ್ದೂ ಬರುತ್ತಾರೆ:
ಸೀಗಡಿ ಸುಲಿದು ಪಾಳಿ ಮುಗಿಸಿದ ಹೆಂಗಸರು,
ಗಾಳಿಗಿರಣಿ ಹತ್ತಿಳಿಯುವ ಹುಡುಗರು,
ಹಲ್ಲಿನ ಡಾಕ್ಟರೊಬ್ಬರು (ಅವರ ಪುಸ್ತಕಕ್ಕೆ
ಸದಾ ಕಂದು ಕಾಗದದ ಹೊದಿಕೆ, ನಾಚಿಕೆಗೆ).
ಮೂಲೆಮೂಲೆ ಬಲ್ಲ ಮನೆಯಲ್ಲಿ
ಇನ್ನೊಂದು ಕೋಣೆ ಇದ್ದೀತೆಂದು
ಗೋಡೆ ತಟ್ಟುತ್ತಾ ಬರುತ್ತಾರೆ.

ಹಳೆಯ ಕತೆಗೆ ಅವಸರ.
'ಒಬ್ಬಳು ಮಲತಾಯಿ ಇದ್ದಳು' ಎಂದರೆ ಮುಗಿಯಿತು.
ಅವಳ ತವರು ಯಾವುದು, ಹಲ್ಲುನೋವು ಎಂದಿನದು,
ಮದುವೆಯ ಮರುದಿನ ಬೆಳಗ್ಗೆ
ಅಡುಗೆಮನೆಯ ಮೊಳೆಗೆ
ಸತ್ತವಳ ಏಪ್ರನ್ ಇನ್ನೂ ತೂಗುತ್ತಿತ್ತಲ್ಲ,
ತೆಗೆದಳೇ, ಬಿಟ್ಟಳೇ?
ಯಾರೂ ಕೇಳಲಿಲ್ಲ. ಮಗುವಿಗೂ ತೂಕಡಿಕೆ, ಅಜ್ಜಿಗೂ.

ವೀಬ್ಕೆ ಬಿಟ್ಟಿದ್ದಳು.
ಡೆಟ್ಲೆಫ್‌ನ ಮನೆಗೆ ಕಾಲಿಟ್ಟಾಗ
ಟೊಮ್ಕೆಗೆ ಒಂಬತ್ತು.
ಅಮ್ಮ ಅನ್ನಲಿಲ್ಲ, ಅನ್ನು ಎಂದು ಯಾರೂ ಹೇಳಲೂ ಇಲ್ಲ.
ವೀಬ್ಕೆ, ಉಪ್ಪು ಕೊಡು.
ವೀಬ್ಕೆ, ನನ್ನ ಮಳೆ ಬೂಟು ಎಲ್ಲಿ?
ಈಗ ಹದಿನೇಳು. ಜಗಳವಿಲ್ಲ, ಮುನಿಸಿಲ್ಲ,
ಇಬ್ಬರ ನಡುವೆ ಒಂದು ಕುರ್ಚಿಯಷ್ಟು ಜಾಗ,
ಏಪ್ರನ್ ಮಾತ್ರ ಅದೇ ಮೊಳೆಗೆ.

ಕಳೆದ ಮಂಗಳವಾರ ಬುಟ್ಟಿಯಲ್ಲಿ
ಬೆನ್ನು ಮುರಿದ ಒಂದು ಕಾದಂಬರಿ.
ಅರಮನೆ ಇಲ್ಲ ಅದರಲ್ಲಿ, ಒಂದು ಹಿಟ್ಟಿನ ಗಿರಣಿ,
ಗಿರಣಿಯವನ ಎರಡನೆಯ ಹೆಂಡತಿ.
ಹೊಲಿಯಲೆಂದು ಬಿಚ್ಚಿದರೆ
ಇನ್ನೂರ ಹನ್ನೆರಡನೆಯ ಪುಟ:
ನಡುರಾತ್ರಿ ಅವಳು ಮಗುವಿನ ತಲೆಯಲ್ಲಿ
ಹೇನು ಹುಡುಕುತ್ತಿದ್ದಾಳೆ, ದೀಪ ಹತ್ತಿರ ಹಿಡಿದು.
ಜೋಗುಳ ಬಾಯಿಗೆ ಬರುತ್ತದೆ,
ಮೊದಲಿನವಳು ಯಾವುದು ಹಾಡುತ್ತಿದ್ದಳೋ ಎಂದು
ನುಂಗಿಕೊಳ್ಳುತ್ತಾಳೆ.

ಪುಟದ ಗುರುತಿಗೆ ಇಟ್ಟ ಚೀಟಿ.
ಮಾಸಿದ ನೀಲಿ ಶಾಯಿ, ವೀಬ್ಕೆಯದೇ ಅಕ್ಷರ,
ಎಂಟು ವರ್ಷದ ಹಿಂದಿನ ಬುತ್ತಿಯ ಡಬ್ಬಿಯದು:
'ಟೊಮ್ಕೆ. ಚೀಸ್. ಸೌತೆಕಾಯಿ ಹಾಕಿಲ್ಲ, ನೋಡಿದೆ.'

ಗೋಂದು ಒಣಗಿತು. ಇನ್ನೊಮ್ಮೆ ಕಲಸಿದಳು.
ಅದೂ ಒಣಗಿತು.
ದರ್ಜಿ ಅಂಗಿ ತೊಟ್ಟುಕೊಂಡು ಕೂತ,
ಹೊರಗೆ ಇಳಿತ ಮುಗಿದು ಉಬ್ಬರ ಬರುವ ತನಕ
ನೂರ ನಲವತ್ತು ಪುಟ.
ಆಮೇಲೆ ಸೂಜಿಗೆ ದಾರ ಪೋಣಿಸಿ
ಎಲ್ಲ ಕಡೆ ಬಿಗಿಯಾಗಿ,
ಆ ಒಂದು ಕಡೆ ಬೇಕೆಂದೇ ತುಸು ಸಡಿಲವಾಗಿ ಹೊಲಿದಳು,
ತೆರೆದರೆ ತಾನಾಗಿ ಅಲ್ಲೇ ತೆರೆದುಕೊಳ್ಳಲಿ ಎಂದು.
ಚೀಟಿಯನ್ನು ಇದ್ದಲ್ಲೇ ಇಟ್ಟಳು.

ರಾತ್ರಿ ಊಟಕ್ಕೆ ಆಲೂಗಡ್ಡೆ, ಹೆರಿಂಗ್ ಮೀನು.
ಟೊಮ್ಕೆ ಫೋನಿನಿಂದ ತಲೆ ಎತ್ತದೆ,
ವೀಬ್ಕೆ, ಉಪ್ಪು ಕೊಡು, ಅಂದಳು.

ಅದೇ ಮಾತು.
ಕೊಟ್ಟಳು.