ದಕ್ಕೆಯ ಮೂರನೆಯ ಕಂಬ

ಚರ್ಚಿನ ಹಾಲ್‌ಗೆ ಈ ಸಂಜೆ ಮತ್ತೊಬ್ಬರು ಬಂದಿದ್ದಾರೆ.
ಚಹಾ ಕಾಸುವುದು ನನ್ನ ಪಾಲಿನ ಕೆಲಸ,
ಮೂವತ್ತು ವರ್ಷದಿಂದ, ಯಾರೇ ಬರಲಿ.
ಪರದೆ ಕಟ್ಟುವುದು ಸೆಲ್ಬಿ ಟಿಝರ್ಡ್‌ನ ಕೆಲಸ.
ಅದು ಈಗಲೂ ಬಲಕ್ಕೆ ವಾಲುತ್ತದೆ,
ಹಾಗಾಗಿ ನಮ್ಮೂರಿಗೆ ಬಂದ ಗೆರೆಗಳೆಲ್ಲ
ತುಸು ಇಳಿಮುಖ.

ಈಕೆ ಚಿಕ್ಕವಳು. ಟ್ಯಾರಿನ್ ನೋಸ್‌ವರ್ದಿ.
ಸೇಂಟ್ ಜಾನ್ಸ್‌ನಿಂದ ಆರು ಗಂಟೆ ಒಬ್ಬಳೇ ಕಾರು ಓಡಿಸಿ
ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿ ಒಳಬಂದಳು.
ಅಷ್ಟು ಮರ್ಯಾದೆ ಹಿಂದಿನವನಿಗಿರಲಿಲ್ಲ.

ಹಿಂದಿನವನೆಂದರೆ ಮೀನಿನವನು.
ಕಡಲಲ್ಲಿ ಕಾಡ್ ಮೀನು ಇಂತಿಷ್ಟು ಟನ್ ಎಂದು
ದಶಮಾಂಶದವರೆಗೆ ಹೇಳಿದ್ದ.
ಆ ವರ್ಷ ನನ್ನ ಗಂಡ ಲಿಯಾಂಡರ್ ಬಲೆ ಎತ್ತಿದರೆ
ಬರುತ್ತಿದ್ದದ್ದು ಅಂಗೈಯಗಲದ ಮರಿಗಳು.
ಎದ್ದು ನಿಂತು ಹೇಳಿದ: ಮೀನಿಲ್ಲ ಸ್ವಾಮಿ.
"ನೀವು ನೋಡುವುದು ಒಂದು ಕೊಲ್ಲಿ, ನಾವು ಇಡೀ ಸಾಗರ"
ಎಂದನವನು, ನಯವಾಗಿಯೇ.
ಪುಸ್ತಕದ ಮೀನಿಗೆ ಉಪ್ಪು ಹಿಡಿಯುವುದಿಲ್ಲ.

ತೋಳ ಬಂತು ತೋಳ ಎಂದ ಹುಡುಗನ ಕಥೆ
ಎಲ್ಲರಿಗೂ ಗೊತ್ತು.
ತೋಳವಿಲ್ಲ, ತೋಳವಿಲ್ಲ ಎಂದು ಕೂಗಿದ
ದೊಡ್ಡವರ ಕಥೆಯನ್ನು
ಯಾರೂ ಮಕ್ಕಳಿಗೆ ಹೇಳುವುದಿಲ್ಲ.

ಆಮೇಲೆ ಕಡಲು ಮುಚ್ಚಿತು.
ಕಡಲನ್ನು ಮುಚ್ಚಬಹುದೆಂದೇ ನಮಗೆ ತಿಳಿದಿರಲಿಲ್ಲ.
ಒಂದು ಕಾಗದ ಬಂತು, ಅಂಗಡಿಯ ಬಾಗಿಲೆಳೆದ ಹಾಗೆ.
ಬೆನ್ನಿಗೇ ಬಂದ ಹಣಕಾಸಿನವನು, ಕೆಂಪು ಟೈ.
ಎರಡೇ ವರ್ಷ ಎಂದ, ಅಷ್ಟರಲ್ಲಿ ಹೊಸ ಕಸುಬು ಕಲಿಯಿರಿ.
ಒಂಬತ್ತು ಮಂದಿ ಕ್ಷೌರ ಕಲಿತರು.
ಕಲಿತು ಮುಗಿಯುವ ಹೊತ್ತಿಗೆ
ಊರಲ್ಲಿ ತಲೆಗಳೇ ಉಳಿದಿರಲಿಲ್ಲ.
ಲಿಯಾಂಡರ್ ಸಾಯುವ ತನಕ
ನನ್ನ ಕೂದಲನ್ನು ಬಲು ಚೆನ್ನಾಗಿ ಕತ್ತರಿಸಿದ.
ಅದೂ ಲಾಭವೇ. ಯಾವ ಲೆಕ್ಕಕ್ಕೂ ಬರಲಿಲ್ಲ.

ಈಗ ಈ ಹುಡುಗಿ ಹೇಳುತ್ತಾಳೆ: ಕಡಲು ಏರುತ್ತದೆ.
ಮೊಣಕಾಲುದ್ದವೋ ಸೊಂಟದುದ್ದವೋ, ಈ ಶತಮಾನ ತೀರುವುದರೊಳಗೆ.
ಈ ಹಾಲ್, ಕೆಳಗಿನ ರಸ್ತೆ, ಸ್ಮಶಾನದ ಮೊದಲೆರಡು ಸಾಲು.
ಎರಡನೆಯ ಸಾಲಿನಲ್ಲಿ ಲಿಯಾಂಡರ್ ಇದ್ದಾನೆ.
ಹಿಂದಿನ ಬೆಂಚಿನಿಂದ ಗಾರ್ಲಂಡ್ ಪಾರ್ಡಿ ಕೂಗಿದ:
"ಮೊದಲು ನಾಳೆಯ ಗಾಳಿ ಯಾವ ಕಡೆಯದು ಹೇಳಮ್ಮ!"
ಹಾಲ್ ನಕ್ಕಿತು. ನಾನೂ ನಕ್ಕೆ. ಕೆಟಲ್ ಸಿಳ್ಳೆ ಹಾಕಿತು.
ನಗು ನಿಲ್ಲುವ ತನಕ ಕಾದು
"ನಾಳೆಯದು ಗೊತ್ತಿಲ್ಲ" ಎಂದಳು.

ನಾನು ಯಾರಿಗೂ ಹೇಳದ್ದು ಒಂದಿದೆ.
ದಕ್ಕೆಯ ಮೂರನೆಯ ಕಂಬಕ್ಕೆ
ವರ್ಷದ ದೊಡ್ಡ ಉಬ್ಬರ ಮುಟ್ಟಿದಲ್ಲಿ
ಲಿಯಾಂಡರ್ ಒಂದು ಮೊಳೆ ಹೊಡೆಯುತ್ತಿದ್ದ,
ಅವನ ನಂತರ ನಾನು.
ಕೆಳಗಿನವು ತುಕ್ಕು ತಿಂದು ಬರೀ ಕಲೆ,
ಮೇಲಿನವಕ್ಕೆ ಇನ್ನೂ ಹೊಳಪು.
ನಡುವೆ ನನ್ನ ಒಂದು ಗೇಣಿಗೆ ಎರಡು ಬೆರಳು ಕಡಿಮೆ.
ಕಡಲು ಏರಿತೋ,
ಕಂಬ ಕೆಸರಿಗೆ ಕುಸಿಯಿತೋ,
ಮುದುಕಿಯ ಕೈ ನಡುಗಿ ಮೇಲೆ ಹೊಡೆಯಿತೋ.

ಚಹಾ ಕೊಡುವಾಗ ಬಾಯಿಗೆ ಬಂದುಬಿಟ್ಟಿತು.
ಕಪ್ಪನ್ನು ಅಲ್ಲೇ ಇಟ್ಟು ಟಾರ್ಚ್ ಹಿಡಿದು ಹೊರಟೇಬಿಟ್ಟಳು,
ಕೋಟು ಕುರ್ಚಿಯ ಮೇಲೇ ಉಳಿಯಿತು.
ಇಳಿತದ ಹೊತ್ತು. ಕಲ್ಲುಗಳ ಮೇಲೆ ಮಂಡಿಯೂರಿ
ಒಂದೊಂದೇ ಮೊಳೆ ಮುಟ್ಟಿ ವರ್ಷ ಕೇಳಿದಳು.
ಕೆಲವು ನೆನಪಿದ್ದವು:
ಇದು ನಮ್ಮ ಹೆಡ್ಲಿ ಹುಟ್ಟಿದ್ದು, ಇದು ಕ್ಷೌರದ್ದು.
"ಕಂಬವೇ ಕುಸಿದಿರಬಹುದಲ್ಲ?" ಎಂದೆ, ಪರೀಕ್ಷೆಗೆಂದೇ.
"ಇರಬಹುದು" ಎಂದಳು, ಹಲ್ಲು ಕಟಕಟ.
"ಅಳೆಯಬೇಕು."

ನಂಬಿದೆ ಅಂತಲ್ಲ.
ಈ ಹಾಲ್‌ನಲ್ಲಿ ಒಮ್ಮೆ ಖರ್ಚಾದ ನಂಬಿಕೆಗೆ
ಚಿಲ್ಲರೆಯೂ ವಾಪಸು ಬಂದಿಲ್ಲ.
ಬೆಳಿಗ್ಗೆ, ಅವಳ ಕಾರು ದಿಬ್ಬ ದಾಟಿದ ಮೇಲೆ,
ಗಾರ್ಲಂಡ್ ತನ್ನ ದೋಣಿಯನ್ನು ಒಬ್ಬನೇ ಎಳೆದೆಳೆದು
ಎರಡು ಮಾರು ಮೇಲೆ ಕಟ್ಟುತ್ತಿದ್ದ.
"ಗಾಳಿ ಈಶಾನ್ಯದ್ದು, ಅದಕ್ಕೆ" ಎಂದ.
ನಾನೇನೂ ಕೇಳಿರಲಿಲ್ಲ.